ಮೀಟರ್ ಉತ್ತರ ಕೊಡುತ್ತಿಲ್ಲ, ಮೊದಲು ಎಲ್ಲಿ ನೋಡಬೇಕು?

ಈ ಸಲ ಬಂದ ಪ್ರಶ್ನೆಗಳೆಲ್ಲ ಟೆಸ್ಟ್ ಬೆಂಚಿನವೇ. ಮಲ್ಟಿಮೀಟರ್, ಪವರ್ ಸಪ್ಲೈ, ಸ್ಕೋಪ್ (ಸಿಗ್ನಲಿನ ಅಲೆ ತೋರಿಸುವ ಆಸಿಲೋಸ್ಕೋಪ್), ಡ್ಯಾಕ್ (ಸಿಗ್ನಲ್ ಅಳೆದು ಕಂಪ್ಯೂಟರಿಗೆ ಕೊಡುವ ಡೇಟಾ ಅಕ್ವಿಸಿಷನ್) ಬಾಕ್ಸ್‌ಗಳನ್ನು ಕಂಪ್ಯೂಟರಿಗೆ ಜೋಡಿಸಿದ್ದಾರೆ, ಆದರೆ ಎಲ್ಲೋ ಒಂದು ಕಡೆ ಮಾತು ನಿಂತುಹೋಗಿದೆ. ಇವುಗಳನ್ನು ನೋಡಿಕೊಳ್ಳಲು ಕಾನ್ಫಿಗರೇಶನ್ ಸಾಫ್ಟ್‌ವೇರ್ ಇರುತ್ತದೆ. ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್ (ಎನ್‌ಐ) ಕೊಡುವುದು 'ಮೆಷರ್‌ಮೆಂಟ್ ಅಂಡ್ ಆಟೊಮೇಶನ್ ಎಕ್ಸ್‌ಪ್ಲೋರರ್'. ಲ್ಯಾಬಿನಲ್ಲಿ ಎಲ್ಲರೂ ಅದನ್ನು ಮ್ಯಾಕ್ಸ್ ಅನ್ನುತ್ತಾರೆ. ಕೀಸೈಟ್ ಕಂಪನಿಯದು 'ಕನೆಕ್ಷನ್ ಎಕ್ಸ್‌ಪರ್ಟ್'. ಡ್ರೈವರ್ ಹಾಕಿದಾಗ ಇವು ತಾವಾಗಿಯೇ ಕಂಪ್ಯೂಟರಿಗೆ ಬಂದು ಕೂರುತ್ತವೆ. ಆಮೇಲೆ ಯಾರೂ ತೆರೆದು ನೋಡುವುದಿಲ್ಲ. ತೆರೆದು ನೋಡಿದ್ದರೆ ಇಲ್ಲಿರುವ ಅರ್ಧ ಪ್ರಶ್ನೆಗಳು ಬರುತ್ತಲೇ ಇರಲಿಲ್ಲ.

ಪ್ರಶ್ನೆ: ನಮ್ಮದು ಪವರ್ ಸಪ್ಲೈ ತಯಾರಿಸುವ ಸಣ್ಣ ಘಟಕ. ಟೆಸ್ಟ್ ಬೆಂಚಿನಲ್ಲಿ ಎರಡು 34401ಎ ಮಲ್ಟಿಮೀಟರ್‌ಗಳು ಜಿಪಿಐಬಿ (ಹಲವು ಉಪಕರಣಗಳನ್ನು ಒಟ್ಟಿಗೆ ಕಂಪ್ಯೂಟರಿಗೆ ಜೋಡಿಸುವ ಬಸ್) ಕೇಬಲ್ ಮೇಲೆ ಇವೆ. ಹೋದ ವಾರದವರೆಗೆ ಎಲ್ಲ ಸರಿಯಿತ್ತು. ಒಂದು ಮೀಟರ್ ಕ್ಯಾಲಿಬ್ರೇಶನ್‌ಗೆ ಹೋಗಿ ಬಂದ ಮೇಲೆ -1073807339 ಅನ್ನುವ ಎರರ್ ಬರುತ್ತಿದೆ. ಪ್ರೋಗ್ರಾಂ ಬರೆದವರು ಹಾರ್ಡ್‌ವೇರ್ ತೊಂದರೆ ಅನ್ನುತ್ತಾರೆ. ಮೀಟರ್ ಕೊಟ್ಟವರು ಸಾಫ್ಟ್‌ವೇರ್ ತೊಂದರೆ ಅನ್ನುತ್ತಾರೆ. ಯಾರ ಮಾತು ನಂಬಲಿ? (ಪೀಣ್ಯ, ಬೆಂಗಳೂರು)

ಸದ್ಯಕ್ಕೆ ಇಬ್ಬರ ಮಾತೂ ಬೇಡ. ನಿಮ್ಮ ಪ್ರೋಗ್ರಾಂ ಮುಚ್ಚಿ, ಮ್ಯಾಕ್ಸ್ ತೆರೆಯಿರಿ. ನಡುವೆ ಪ್ರೋಗ್ರಾಂ ಇಲ್ಲದೆ ಮೀಟರನ್ನು ನೇರವಾಗಿ ಮಾತಾಡಿಸಿದರೆ ತಪ್ಪು ಯಾವ ಕಡೆ ಇದೆ ಅಂತ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಎಡಗಡೆ 'ಡಿವೈಸಸ್ ಅಂಡ್ ಇಂಟರ್‌ಫೇಸಸ್' ಕೆಳಗೆ ಜಿಪಿಐಬಿ ಕಾರ್ಡು ಕಾಣುತ್ತದೆ. ಅದನ್ನು ಆರಿಸಿ 'ಸ್ಕ್ಯಾನ್ ಫಾರ್ ಇನ್‌ಸ್ಟ್ರುಮೆಂಟ್ಸ್' ಒತ್ತಿ. ಎರಡು ಮೀಟರ್ ಕಾಣಬೇಕು, ಅಲ್ವಾ? ನಿಮಗೆ ಒಂದೇ ಕಾಣಬಹುದು ಅನ್ನುವುದು ನನ್ನ ಅನುಮಾನ. 34401ಎ ಕಾರ್ಖಾನೆಯಿಂದ ಬರುವಾಗ ಅದರ ಅಡ್ರೆಸ್ 22. ನಿಮ್ಮ ಬೆಂಚಿನಲ್ಲಿ ಎರಡು ಇರುವುದರಿಂದ ಒಂದನ್ನು ಯಾರೋ 23ಕ್ಕೋ ಇನ್ನೊಂದಕ್ಕೋ ಬದಲಿಸಿರುತ್ತಾರೆ. ಕ್ಯಾಲಿಬ್ರೇಶನ್ ಲ್ಯಾಬಿನವರು ತಮ್ಮ ಪ್ರೋಗ್ರಾಂಗೆ ಹೊಂದಲಿ ಅಂತ ಅದನ್ನು ಮತ್ತೆ 22 ಮಾಡುತ್ತಾರೆ. ಮೀಟರ್ ವಾಪಸ್ ಬಂದಾಗ ಅದನ್ನು ಯಾರೂ ಗಮನಿಸುವುದಿಲ್ಲ. ಈಗ ಒಂದೇ ಮನೆ ನಂಬರಿನಲ್ಲಿ ಇಬ್ಬರು ಇದ್ದ ಹಾಗೆ. 22ನ್ನು ಕರೆದರೆ ಇಬ್ಬರೂ ಬಾಯಿ ತೆರೆಯುತ್ತಾರೆ, ಮಾತು ಕಲಸಿಹೋಗುತ್ತದೆ. 23ನ್ನು ಕರೆದರೆ ಯಾರೂ ಇಲ್ಲ.

ಒಂದು ಮೀಟರಿನ ಕೇಬಲ್ ಬಿಚ್ಚಿ, ಇನ್ನೊಂದನ್ನು ಮಾತ್ರ ಸ್ಕ್ಯಾನ್ ಮಾಡಿ. ಆಮೇಲೆ ಅದಲುಬದಲು ಮಾಡಿ. ಎರಡೂ ಸಲ 22 ಬಂದರೆ ಕಾರಣ ಸಿಕ್ಕಿತು. ಮೀಟರಿನ ಮುಂಭಾಗದ ಮೆನುವಿನಲ್ಲಿ ಐ/ಓ ಅನ್ನುವ ಭಾಗಕ್ಕೆ ಹೋಗಿ ಅಡ್ರೆಸ್ ಸರಿಮಾಡಿ. ಕರೆಂಟ್ ತೆಗೆದರೂ ಅದು ಅಳಿಯುವುದಿಲ್ಲ. ಆಮೇಲೆ ಒಂದು ಲೇಬಲ್ ಮೇಲೆ ಅಡ್ರೆಸ್ ಬರೆದು ಮೀಟರಿನ ಹಣೆಗೆ ಅಂಟಿಸಿ. ಕ್ಯಾಲಿಬ್ರೇಶನ್‌ಗೆ ಕಳಿಸುವ ಚೀಟಿಯಲ್ಲೂ ಬರೆಯಿರಿ. ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಇದೇ ಕಾರಣಕ್ಕೆ ಎರಡು ದಿನ ಉತ್ಪಾದನೆ ನಿಂತಿತ್ತು.

ಇಬ್ಬರೂ ಬೇರೆ ಬೇರೆ ಅಡ್ರೆಸ್‌ನಲ್ಲಿ ಸರಿಯಾಗಿಯೇ ಕಂಡರೆ ಮುಂದಿನ ಹೆಜ್ಜೆ. ಮೀಟರನ್ನು ಆರಿಸಿ 'ಕಮ್ಯುನಿಕೇಟ್ ವಿತ್ ಇನ್‌ಸ್ಟ್ರುಮೆಂಟ್' ತೆರೆಯಿರಿ. ಅಲ್ಲಿ *ಐಡಿಎನ್?, ಅಂದರೆ 'ನೀನು ಯಾರು?' ಅನ್ನುವ ಪ್ರಶ್ನೆ ಮೊದಲೇ ತುಂಬಿರುತ್ತದೆ. 'ಕ್ವೆರಿ' ಒತ್ತಿದರೆ ಅಲ್ಪವಿರಾಮ ಹಾಕಿದ ನಾಲ್ಕು ಮಾತು ವಾಪಸ್ ಬರಬೇಕು: ತಯಾರಕರ ಹೆಸರು, ಮಾಡೆಲ್, ಸೀರಿಯಲ್ ನಂಬರ್, ಒಳಗಿನ ಫರ್ಮ್‌ವೇರ್ ಆವೃತ್ತಿ. ಈ ಮೀಟರಿನಲ್ಲಿ ಸೀರಿಯಲ್ ನಂಬರ್ ಜಾಗದಲ್ಲಿ ಬರೀ ಸೊನ್ನೆ ಬರುತ್ತದೆ, ಹೆದರಬೇಡಿ. ಉತ್ತರ ಬಂತು ಅಂದರೆ ಕೇಬಲ್, ಕಾರ್ಡು, ಡ್ರೈವರ್, ಮೀಟರ್ ನಾಲ್ಕೂ ಕೆಲಸ ಮಾಡುತ್ತಿವೆ. ಆಗ ಪ್ರೋಗ್ರಾಂ ಬರೆದವರನ್ನು ಧೈರ್ಯವಾಗಿ ಕೇಳಬಹುದು.

ಎರರ್ ನಂಬರನ್ನೂ ಸರಿಯಾಗಿ ಓದಬೇಕು. -1073807343 ಅಂದರೆ ಆ ಅಡ್ರೆಸ್ಸಿನ ಉಪಕರಣವೇ ಸಿಕ್ಕಿಲ್ಲ. ನಿಮಗೆ ಬಂದಿರುವ -1073807339 ಬೇರೆ. ಅದು ಟೈಮ್‌ಔಟ್, ಅಂದರೆ ಕಾಯುವ ಸಮಯ ಮುಗಿಯಿತು, ಉತ್ತರ ಬರಲಿಲ್ಲ. ಅಡ್ರೆಸ್ ಸರಿ ಇದ್ದರೂ ಇದು ಬರಬಹುದು. ವೀಸಾ ಅನ್ನುವ ಸಂಪರ್ಕ ಲೈಬ್ರರಿ ಬೇರೇನೂ ಹೇಳದಿದ್ದರೆ 2000 ಮಿಲಿಸೆಕೆಂಡ್ ಮಾತ್ರ ಕಾಯುತ್ತದೆ. ಈಗ ಮೀಟರ್ ಕಡೆ ನೋಡಿ. ಆರು ಅಂಕಿಯ ನಿಧಾನ ಮೋಡಿನಲ್ಲಿ 34401ಎ ಒಂದು ರೀಡಿಂಗಿಗೆ ಕರೆಂಟಿನ 100 ಸೈಕಲ್ ತೆಗೆದುಕೊಳ್ಳುತ್ತದೆ. ನಮ್ಮಲ್ಲಿ ಕರೆಂಟ್ 50 ಹರ್ಟ್ಸ್. 100 ಸೈಕಲ್ ಅಂದರೆ 2 ಸೆಕೆಂಡ್. ಆಟೋಜೀರೋ ಆನ್ ಇದ್ದರೆ ಪ್ರತಿ ರೀಡಿಂಗ್ ಜತೆ ಸೊನ್ನೆಯನ್ನೂ ಅಳೆಯುತ್ತದೆ, ಆಗ 4 ಸೆಕೆಂಡ್. ಮೀಟರ್ ಇನ್ನೂ ಅಳೆಯುತ್ತಿರುವಾಗಲೇ ಕಂಪ್ಯೂಟರ್ ಬೇಸತ್ತು ಎದ್ದುಹೋಗುತ್ತದೆ. ಯಾರೋ ಜಾಸ್ತಿ ಅಂಕಿ ಬೇಕು ಅಂತ ಸೆಟ್ಟಿಂಗ್ ಬದಲಿಸಿದ ಮರುದಿನ ಈ ಎರರ್ ಶುರುವಾಗುವುದು ಇದಕ್ಕೇ. ಟೈಮ್‌ಔಟನ್ನು 10 ಸೆಕೆಂಡಿಗೆ ಏರಿಸಿದರೆ ಸಾಕು.

ಕಮಾಂಡಿನಲ್ಲಿ ಒಂದಕ್ಷರ ತಪ್ಪಿದರೂ ಟೈಮ್‌ಔಟೇ ಬರುತ್ತದೆ, ಯಾಕೆಂದರೆ ಅರ್ಥವಾಗದ ಪ್ರಶ್ನೆಗೆ ಮೀಟರ್ ಉತ್ತರ ಕೊಡುವುದಿಲ್ಲ. ಬೀಪ್ ಮಾಡಿ ಸುಮ್ಮನಾಗುತ್ತದೆ. ಆಗ ಮ್ಯಾಕ್ಸ್‌ನಿಂದಲೇ ಸಿಸ್ಟ್:ಎರ್? (ಏನು ತಪ್ಪಾಯಿತು ಅಂತ ಕೇಳುವ ಕಮಾಂಡ್) ಕಳಿಸಿ. -113 ಬಂದರೆ ಕಮಾಂಡಿನ ಹೆಸರೇ ಅದಕ್ಕೆ ಗೊತ್ತಿಲ್ಲ ಎಂದರ್ಥ.

ಹಳೆಯ ಉಪಕರಣ ಇರುವವರಿಗೂ ಒಂದು ಮಾತು. *ಐಡಿಎನ್? ಕಡ್ಡಾಯವಾದದ್ದು 1987ರ ಐಇಇಇ 488.2 ನಿಯಮದಿಂದ. ಜಿಪಿಐಬಿ ಅದಕ್ಕಿಂತ ಹಳೆಯದು. ಹ್ಯೂಲೆಟ್ ಪ್ಯಾಕರ್ಡ್ ತನ್ನ ಉಪಕರಣಗಳಿಗೆ ಮಾಡಿಕೊಂಡ ಬಸ್ 1975ರಲ್ಲೇ ಐಇಇಇ 488 ಆಯಿತು. ಆ ನಡುವಿನ ಕಾಲದ ಮೀಟರ್‌ಗಳು ಸ್ಕ್ಯಾನ್‌ನಲ್ಲಿ ಕಾಣುತ್ತವೆ, ಆದರೆ ಹೆಸರು ಕೇಳಿದರೆ ಸುಮ್ಮನಿರುತ್ತವೆ. ಅವು ಕೆಟ್ಟಿವೆ ಅಂತ ಗುಜರಿಗೆ ಹಾಕಬೇಡಿ. ಮ್ಯಾನ್ಯುಯಲ್ ನೋಡಿ ಅದರದೇ ಕಮಾಂಡಿನಲ್ಲಿ ಒಂದು ರೀಡಿಂಗ್ ಕೇಳಿ.

ಪ್ರಶ್ನೆ: ನಾನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಲ್ಯಾಬ್ ನೋಡಿಕೊಳ್ಳುತ್ತೇನೆ. ಇರುವುದು ಒಂದೇ ಯುಎಸ್‌ಬಿ ಡ್ಯಾಕ್. ವಿದ್ಯಾರ್ಥಿಗಳು ಒಂದು ಬ್ಯಾಚಿಗೆ 20 ಜನ. ಎಲ್ಲರಿಗೂ ಅಭ್ಯಾಸ ಮಾಡಿಸುವುದು ಹೇಗೆ? (ದಾವಣಗೆರೆ)

ಮ್ಯಾಕ್ಸ್‌ನಲ್ಲಿ ಸಿಮ್ಯುಲೇಟೆಡ್ ಡಿವೈಸ್, ಅಂದರೆ ಸಾಫ್ಟ್‌ವೇರಿನಲ್ಲೇ ಇರುವ ನಕಲಿ ಬಾಕ್ಸ್ ಮಾಡಿಕೊಳ್ಳಬಹುದು, ಖರ್ಚಿಲ್ಲ. 'ಡಿವೈಸಸ್ ಅಂಡ್ ಇಂಟರ್‌ಫೇಸಸ್' ಮೇಲೆ ಬಲ ಕ್ಲಿಕ್ ಮಾಡಿ, 'ಕ್ರಿಯೇಟ್ ನ್ಯೂ' ಒತ್ತಿ, ಸಿಮ್ಯುಲೇಟೆಡ್ ಡ್ಯಾಕ್‌ಎಂಎಕ್ಸ್ ಡಿವೈಸ್ ಆರಿಸಿ, ನಿಮ್ಮಲ್ಲಿರುವ ಮಾಡೆಲನ್ನೇ ಹುಡುಕಿ ಸೇರಿಸಿ. ನಿಜವಾದ ಬಾಕ್ಸಿನ ಚಿಹ್ನೆ ಹಸಿರು, ಸಿಮ್ಯುಲೇಟೆಡ್ ಬಾಕ್ಸಿನದು ಹಳದಿ. ಇದನ್ನು ಹುಡುಗರಿಗೆ ಮೊದಲೇ ತೋರಿಸಿ. ಅನಲಾಗ್ ಇನ್‌ಪುಟ್ ಓದಿದರೆ ಸ್ವಲ್ಪ ನಾಯ್ಸ್ ಇರುವ ಸೈನ್ ವೇವ್ ಬರುತ್ತದೆ. ಲ್ಯಾಬ್‌ವ್ಯೂನಲ್ಲಿ (ಎನ್‌ಐನ ಪ್ರೋಗ್ರಾಂ ಬರೆಯುವ ಸಾಫ್ಟ್‌ವೇರ್) ಪ್ರೋಗ್ರಾಂ ಪೂರ್ತಿ ಬರೆದು, ಓಡಿಸಿ, ತಪ್ಪು ತಿದ್ದಿಕೊಳ್ಳುವುದಕ್ಕೆ ಅದು ಸಾಕು. ಆಮೇಲೆ ಒಬ್ಬೊಬ್ಬರೇ ನಿಜವಾದ ಬಾಕ್ಸಿನ ಮುಂದೆ ಬಂದು ಕೂರಲಿ.

ಆ ಎರಡನೇ ಭಾಗವನ್ನು ಮಾತ್ರ ಬಿಡಬೇಡಿ. ಸಿಮ್ಯುಲೇಟೆಡ್ ಡಿವೈಸ್ ವೈರಿಂಗ್ ಕಲಿಸುವುದಿಲ್ಲ. ನಿಜವಾದ ಬಾಕ್ಸಿನಲ್ಲಿ ಏನೂ ಜೋಡಿಸದ ಚಾನೆಲ್ ಸೊನ್ನೆ ತೋರಿಸುವುದಿಲ್ಲ, ಪಕ್ಕದ ಚಾನೆಲಿನ ವೋಲ್ಟೇಜಿನ ನೆರಳು ತೋರಿಸುತ್ತದೆ. ಒಂದೇ ಎಡಿಸಿ (ವೋಲ್ಟೇಜನ್ನು ಸಂಖ್ಯೆಯಾಗಿ ಬದಲಿಸುವ ಭಾಗ) ಸರದಿಯಂತೆ ಎಲ್ಲ ಚಾನೆಲ್ ನೋಡುವುದರಿಂದ ಹಾಗಾಗುತ್ತದೆ. ವಿದ್ಯಾರ್ಥಿ ಅದನ್ನು ಕಣ್ಣಾರೆ ಕಂಡಾಗಲೇ ಗ್ರೌಂಡ್ ಯಾಕೆ ಬೇಕು, ಡಿಫರೆನ್ಷಿಯಲ್ (ಎರಡು ತಂತಿಗಳ ನಡುವಿನ ವ್ಯತ್ಯಾಸ ಅಳೆಯುವ ಜೋಡಣೆ) ಯಾಕೆ ಬೇಕು ಅಂತ ಕೇಳುತ್ತಾನೆ. ಮ್ಯಾಕ್ಸ್‌ನ ಟೆಸ್ಟ್ ಪ್ಯಾನೆಲ್ ತೆರೆದು, ಒಂದು ಪೆನ್‌ಟಾರ್ಚ್ ಸೆಲ್ ಕೈಗೆ ಕೊಟ್ಟು, 1.5 ವೋಲ್ಟ್ ಅಳೆಯಲು ಹೇಳಿ. ಒಂದು ಗಂಟೆಯ ಪಾಠಕ್ಕಿಂತ ಅದು ಚೆನ್ನಾಗಿ ಮನಸ್ಸಿಗೆ ಹೋಗುತ್ತದೆ.

ಡಿವೈಸಿನ ಹೆಸರಿನ ಬಗ್ಗೆಯೂ ಎಚ್ಚರ. ಮ್ಯಾಕ್ಸ್ ಮೊದಲ ಬಾಕ್ಸಿಗೆ 'ಡೆವ್1' ಅಂತ ಹೆಸರಿಡುತ್ತದೆ. ಆ ಹೆಸರು ಬಾಕ್ಸಿನ ಸೀರಿಯಲ್ ನಂಬರಿಗೆ ಅಂಟಿಕೊಂಡಿರುತ್ತದೆ. ನಾಳೆ ಬಾಕ್ಸ್ ಕೆಟ್ಟು ಅದೇ ಮಾಡೆಲಿನ ಇನ್ನೊಂದು ತಂದರೆ ಅದು 'ಡೆವ್2' ಆಗುತ್ತದೆ. ಪ್ರೋಗ್ರಾಂ ಮಾತ್ರ ಡೆವ್1ನ್ನೇ ಹುಡುಕಿ -200220 ಎರರ್ ಕೊಡುತ್ತದೆ. ಪ್ರೋಗ್ರಾಂ ಮುಟ್ಟಬೇಕಿಲ್ಲ. ಮ್ಯಾಕ್ಸ್‌ನಲ್ಲಿ ಹಳೆಯ ಡೆವ್1 ತೆಗೆದುಹಾಕಿ, ಹೊಸದಕ್ಕೆ ಅದೇ ಹೆಸರಿಡಿ.

ಪ್ರಶ್ನೆ: ಟೆಸ್ಟ್ ಪ್ಯಾನೆಲ್‌ನಲ್ಲಿ ರೀಡಿಂಗ್ ಚೆನ್ನಾಗಿ ಬರುತ್ತದೆ. ಲ್ಯಾಬ್‌ವ್ಯೂ ಓಡಿಸಿದರೆ -50103. (ಹುಬ್ಬಳ್ಳಿ)

ಟೆಸ್ಟ್ ಪ್ಯಾನೆಲ್ ಇನ್ನೂ ತೆರೆದೇ ಇದೆ, ಅದು ಡಿವೈಸನ್ನು ಹಿಡಿದುಕೊಂಡಿದೆ. ಮುಚ್ಚಿ ಮತ್ತೆ ಓಡಿಸಿ. ಆಮೇಲೂ ಬಂದರೆ ನಿಮ್ಮ ಪ್ರೋಗ್ರಾಂ ಒಂದೇ ಬಾಕ್ಸಿನ ಅನಲಾಗ್ ಇನ್‌ಪುಟ್ಟಿಗೆ ಎರಡು ಟಾಸ್ಕ್ (ಯಾವ ಚಾನೆಲ್, ಹೇಗೆ ಅಳೆಯಬೇಕು ಅನ್ನುವ ಒಂದು ಅಳತೆಯ ಕೆಲಸ) ಒಟ್ಟಿಗೆ ಶುರುಮಾಡುತ್ತಿದೆ. ಎರಡು ಚಾನೆಲ್‌ಗಳನ್ನೂ ಒಂದೇ ಟಾಸ್ಕ್‌ಗೆ ಸೇರಿಸಿ.

ಪ್ರಶ್ನೆ: ಹೊಸ ಸ್ಕೋಪ್ ತಂದೆವು. ಯುಎಸ್‌ಬಿ ಕೇಬಲ್ ಹಾಕಿದರೂ ಮ್ಯಾಕ್ಸ್‌ನಲ್ಲಿ ಕಾಣುತ್ತಿಲ್ಲ. ಅದೇ ಕಂಪ್ಯೂಟರಿನಲ್ಲಿ ಕೀಸೈಟ್ ಸಾಫ್ಟ್‌ವೇರ್ ಕೂಡ ಇದೆ. (ಮೈಸೂರು)

ಕೇಬಲ್ ಎಲ್ಲಿಗೆ ಹಾಕಿದ್ದೀರಿ ಅಂತ ನೋಡಿ. ಮುಂದಿರುವ ಚಪ್ಪಟೆ ಯುಎಸ್‌ಬಿ ಕಿಂಡಿ ಪೆನ್‌ಡ್ರೈವಿಗೆ. ಕಂಪ್ಯೂಟರಿಗೆ ಜೋಡಿಸುವುದು ಹಿಂಭಾಗದ ಚೌಕ ಕಿಂಡಿಯಿಂದ. ಕೆಲವು ಸ್ಕೋಪ್‌ಗಳಲ್ಲಿ ಆ ಹಿಂದಿನ ಕಿಂಡಿ ಪ್ರಿಂಟರಿಗೋ ಕಂಪ್ಯೂಟರಿಗೋ ಅಂತ ಯುಟಿಲಿಟಿ ಮೆನುವಿನಲ್ಲಿ ಆರಿಸಬೇಕು. ಪ್ರಿಂಟರ್ ಅಂತ ಇದ್ದರೆ ಮ್ಯಾಕ್ಸ್‌ಗೆ ಅದು ಸ್ಕೋಪ್ ಅಂತ ಕಾಣುವುದಿಲ್ಲ. ಇದಾದ ಮೇಲೆ ವಿಂಡೋಸಿನ ಡಿವೈಸ್ ಮ್ಯಾನೇಜರ್ ತೆರೆಯಿರಿ. 'ಯುಎಸ್‌ಬಿ ಟೆಸ್ಟ್ ಅಂಡ್ ಮೆಷರ್‌ಮೆಂಟ್ ಡಿವೈಸ್' ಅನ್ನುವ ಹೆಸರಿನಲ್ಲಿ ಅದು ಇರಬೇಕು. ಬೇರೆ ಡ್ರೈವರ್ ಅದನ್ನು ಹಿಡಿದಿದ್ದರೆ ವೀಸಾಗೆ ಸಿಗುವುದಿಲ್ಲ.

ಎರಡು ಕಂಪನಿಯ ಸಾಫ್ಟ್‌ವೇರ್ ಒಂದೇ ಕಂಪ್ಯೂಟರಿನಲ್ಲಿ ಇದ್ದರೆ ಎರಡು ವೀಸಾ ಇರುತ್ತವೆ. ಪ್ರೋಗ್ರಾಂಗಳು ಕರೆಯುವ ಫೈಲಿನ ಹೆಸರು ಮಾತ್ರ ಒಂದೇ. ಹಾಗಾಗಿ ಯಾರು ಮುಖ್ಯ, ಯಾರು ಜತೆಗಾರ ಅಂತ ಇನ್‌ಸ್ಟಾಲ್ ಮಾಡುವಾಗಲೇ ನಿರ್ಧರಿಸಬೇಕು. ನನ್ನ ಸಲಹೆ: ನಿಮ್ಮ ಪ್ರೋಗ್ರಾಂ ಲ್ಯಾಬ್‌ವ್ಯೂನಲ್ಲಿ ಇದ್ದರೆ ಎನ್‌ಐ ವೀಸಾ ಮುಖ್ಯವಾಗಿರಲಿ, ಕೀಸೈಟ್‌ನದು ಎರಡನೆಯದಾಗಿರಲಿ. ಕೀಸೈಟ್‌ನ ಯುಎಸ್‌ಬಿ-ಜಿಪಿಐಬಿ ಅಡಾಪ್ಟರ್ ಬಳಸುವವರು ಇನ್ನೊಂದು ಕೆಲಸ ಮಾಡಬೇಕು. ಮ್ಯಾಕ್ಸ್‌ನ ವೀಸಾ ಆಪ್ಷನ್ಸ್‌ನಲ್ಲಿ 'ಪಾಸ್‌ಪೋರ್ಟ್ಸ್' ಅನ್ನುವ ಪಟ್ಟಿ ಇದೆ. ಅಲ್ಲಿ 'ಟ್ಯೂಲಿಪ್' ಅನ್ನುವ ಸಾಲಿಗೆ ಟಿಕ್ ಹಾಕಿ, ಸೇವ್ ಮಾಡಿ. ಅದಿಲ್ಲದೆ ಆ ಅಡಾಪ್ಟರ್ ಹಿಂದಿನ ಉಪಕರಣಗಳು ಮ್ಯಾಕ್ಸ್‌ಗೆ ಕಾಣುವುದಿಲ್ಲ.

ಪ್ರಶ್ನೆ: ಲ್ಯಾನ್ ಕೇಬಲಿನಿಂದ ಜೋಡಿಸಿದ ಪವರ್ ಸಪ್ಲೈ ಶುಕ್ರವಾರ ಸರಿಯಿರುತ್ತದೆ, ಸೋಮವಾರ ಸಿಗುವುದಿಲ್ಲ. ಪ್ರತಿ ಸಲ ಪ್ರೋಗ್ರಾಂ ತಿದ್ದಿ ಸಾಕಾಗಿದೆ. (ಬೆಳಗಾವಿ)

ನಿಮ್ಮ ನೆಟ್‌ವರ್ಕ್ ಅದಕ್ಕೆ ಹೊಸ ಐಪಿ ಅಡ್ರೆಸ್ ಕೊಡುತ್ತಿದೆ. ವಾರಾಂತ್ಯ ಆಫ್ ಆಗಿದ್ದ ಉಪಕರಣ ಸೋಮವಾರ ಎದ್ದು ಅಡ್ರೆಸ್ ಕೇಳಿದಾಗ ಹಳೆಯದು ಬೇರೆಯವರ ಪಾಲಾಗಿರುತ್ತದೆ. ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಹೇಳಿ ಆ ಉಪಕರಣಕ್ಕೆ ಒಂದು ಅಡ್ರೆಸ್ ಕಾಯ್ದಿರಿಸಿ. ಇನ್ನೂ ಒಳ್ಳೆಯದು, ಟೆಸ್ಟ್ ಬೆಂಚಿಗೇ ಒಂದು ಸಣ್ಣ ಸ್ವಿಚ್ ಹಾಕಿ, ಕಂಪ್ಯೂಟರಿಗೆ ಎರಡನೇ ಲ್ಯಾನ್ ಕಾರ್ಡ್ ಕೊಟ್ಟು, ಉಪಕರಣಗಳನ್ನು ಆಫೀಸಿನ ನೆಟ್‌ವರ್ಕಿನಿಂದ ಬೇರೆ ಇಡಿ. ಈ ಉಪಕರಣಗಳಲ್ಲಿ ಹೆಚ್ಚಿನವು ಯಾರು ಬಂದು ಕಮಾಂಡ್ ಕೊಟ್ಟರೂ ಕೇಳುತ್ತವೆ, ಪಾಸ್‌ವರ್ಡ್ ಕೇಳುವುದಿಲ್ಲ. ಔಟ್‌ಪುಟ್ ಆನ್ ಮಾಡುವ ಕಮಾಂಡ್ ಎಲ್ಲಿಂದಲೋ ಬಂದರೆ ಬೆಂಚಿನ ಮುಂದೆ ಕೈಯಿಟ್ಟವರ ಗತಿ ಏನು? ನನಗೆ ಅಡ್ರೆಸ್ಸಿಗಿಂತ ದೊಡ್ಡ ಚಿಂತೆ ಅದು.

ಪ್ರೋಗ್ರಾಂ ತಿದ್ದುವ ಕಷ್ಟಕ್ಕೂ ದಾರಿ ಇದೆ. ಮ್ಯಾಕ್ಸ್‌ನಲ್ಲಿ ಉಪಕರಣಕ್ಕೆ ಅಲಿಯಾಸ್ ಕೊಡಬಹುದು. 'ಸಪ್ಲೈ_ಬೆಂಚ್1' ಅಂತ ಹೆಸರಿಟ್ಟು, ಪ್ರೋಗ್ರಾಂನಲ್ಲಿ ಅಡ್ರೆಸ್ ಬದಲು ಆ ಹೆಸರನ್ನೇ ಬರೆಯಿರಿ. ಮುಂದೆ ಲ್ಯಾನ್ ಬಿಟ್ಟು ಯುಎಸ್‌ಬಿಗೆ ಹೋದರೂ ಹೊಸ ವಿಳಾಸಕ್ಕೆ ಅದೇ ಅಲಿಯಾಸ್ ಕೊಟ್ಟರೆ ಆಯಿತು.

ಪ್ರಶ್ನೆ: ಟೆಸ್ಟ್ ಕಂಪ್ಯೂಟರ್ ಹಳೆಯದಾಗಿದೆ, ಬದಲಿಸುತ್ತಿದ್ದೇವೆ. ಮ್ಯಾಕ್ಸ್‌ನಲ್ಲಿ ವರ್ಷಗಳಿಂದ ಮಾಡಿಟ್ಟ ಟಾಸ್ಕ್, ಸ್ಕೇಲ್ (ವೋಲ್ಟೇಜನ್ನು ಬೇಕಾದ ಅಳತೆಗೆ ಬದಲಿಸುವ ಲೆಕ್ಕ) ಎಲ್ಲ ಮತ್ತೆ ಕೂತು ಮಾಡಬೇಕಾ? (ಶಿವಮೊಗ್ಗ)

ಬೇಡ. ಹಳೆಯ ಕಂಪ್ಯೂಟರ್ ಇನ್ನೂ ಆನ್ ಆಗುತ್ತಿರುವಾಗಲೇ ಫೈಲ್ ಮೆನುವಿನಿಂದ 'ಎಕ್ಸ್‌ಪೋರ್ಟ್' ಮಾಡಿ. ಎನ್‌ಸಿಇ ಅನ್ನುವ ಒಂದು ಫೈಲ್ ಸಿಗುತ್ತದೆ. ಹೊಸದರಲ್ಲಿ ಮೊದಲು ಡ್ರೈವರ್‌ಗಳನ್ನು ಹಾಕಿ, ಆಮೇಲೆ 'ಇಂಪೋರ್ಟ್' ಮಾಡಿ. ಹಳೆಯದರಲ್ಲಿ ಯಾವ ಡ್ರೈವರಿನ ಯಾವ ಆವೃತ್ತಿ ಇತ್ತು ಅನ್ನುವುದು ಎಡಗಡೆಯ 'ಸಾಫ್ಟ್‌ವೇರ್' ಭಾಗದಲ್ಲಿದೆ, ಅದನ್ನೂ ಬರೆದುಕೊಳ್ಳಿ. ಅಲಿಯಾಸ್‌ಗಳ ಪಟ್ಟಿಯನ್ನು ಕಾಗದದ ಮೇಲೂ ಇಟ್ಟುಕೊಳ್ಳಿ. ಹೊಸ ಕಂಪ್ಯೂಟರಿನಲ್ಲಿ ಡಿವೈಸ್ ಹೆಸರು ಬೇರೆ ಬಂದರೆ ಮೇಲೆ ದಾವಣಗೆರೆಯವರಿಗೆ ಹೇಳಿದ ಹಾಗೆ ಹಳೆಯ ಹೆಸರನ್ನೇ ಇಡಿ. ಸ್ಕೇಲ್‌ಗಳು ಬಂದಿವೆ ಅಂತ ಪಟ್ಟಿ ನೋಡಿ ಬಿಡಬೇಡಿ. ಗೊತ್ತಿರುವ ಒಂದು ವೋಲ್ಟೇಜ್ ಕೊಟ್ಟು, ಹಳೆಯ ಕಂಪ್ಯೂಟರ್ ತೋರಿಸಿದ ಸಂಖ್ಯೆಯನ್ನೇ ಹೊಸದೂ ತೋರಿಸುತ್ತದೆಯೇ ನೋಡಿ. ಅಲ್ಲಿಯವರೆಗೆ ಹಳೆಯದನ್ನು ಅಳಿಸಬೇಡಿ.