ಗ್ಯಾಸ್ ಚೆಕ್ ದಂಡ ಅನ್ನುವ ಮೊದಲು

ನಮಸ್ಕಾರ.

ಟೆಕ್ಸಾಸಿನಿಂದ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಲೂ ಮನಸ್ಸಿಲ್ಲ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ವಾದ ಇಷ್ಟು. ಮನೆಯಲ್ಲೇ ಸೀಸ ಕರಗಿಸಿ ಎರಕ ಹೊಯ್ದ ರೈಫಲ್ ಗುಂಡಿಗೆ ಪೌಡರ್ ಕೋಟಿಂಗ್ ಮಾಡಿದರೆ ಸಾಕು, ಗುಂಡಿನ ತಳಕ್ಕೆ ಕೂರಿಸುವ ಗ್ಯಾಸ್ ಚೆಕ್ ಸುಮ್ನೆ ದಂಡ. ಈ ಮಾತಿಗೆ ಬರುವ ಹೊತ್ತಿಗೆ ಓದುಗ ಎರಡು ಪುಟ ದಾಟಿರಬೇಕು. ಅಲ್ಲಿ ಚೀನಾದ ಮದ್ದು ಇದೆ, ಟಿಪ್ಪುವಿನ ರಾಕೆಟ್ ಇದೆ, 1857ರ ಕೊಬ್ಬು ಸವರಿದ ತೋಟಾ ಇದೆ. ಯಾವುದಕ್ಕೂ ನಿಮ್ಮ ಗ್ಯಾರೇಜಿಗೂ ನಂಟಿಲ್ಲ. ಆ ಎರಡು ಪುಟ ತೆಗೆದುಹಾಕಿ. ಯಾರೂ ಹುಡುಕುವುದಿಲ್ಲ.

ಇಷ್ಟೆಲ್ಲ ಬರೆದ ನೀವು ಗ್ಯಾಸ್ ಚೆಕ್ ಅಂದರೆ ಏನು ಅಂತಲೇ ಹೇಳಿಲ್ಲ. ನಮ್ಮ ಓದುಗರಲ್ಲಿ ಬಹಳ ಜನ ಅದನ್ನು ಕಣ್ಣಲ್ಲಿ ಕಂಡವರಲ್ಲ. ಸೋಡಾ ಬಾಟಲಿ ಮುಚ್ಚಳವನ್ನು ಉಗುರಿಗಿಂತ ಚಿಕ್ಕದು ಮಾಡಿದ ಹಾಗೆ ಇರುವ ತಾಮ್ರದ ಬಟ್ಟಲು, ಗುಂಡಿನ ತಳಕ್ಕೆ ಒತ್ತಿ ಕೂರಿಸುತ್ತಾರೆ. ಹೀಗೆ ಒಂದು ಸಾಲು ಹಾಕಿದರೆ ಸಾಕಿತ್ತು. ಪೌಡರ್ ಕೋಟಿಂಗ್ ವಿಷಯದಲ್ಲಿ ನಿಮ್ಮ ಕೆಲಸ ಇನ್ನೂ ಸುಲಭ. ಪೀಣ್ಯದ ಶೆಡ್ಡುಗಳಲ್ಲಿ ಕಿಟಕಿ ಗ್ರಿಲ್ಲಿಗೆ, ಬೀರುವಿಗೆ ಮಾಡುವುದು ಇದನ್ನೇ ಅಂತ ಬರೆಯಿರಿ. ಒಣ ಪುಡಿ, ಅಂಟಿಸಲು ಸ್ಥಿರ ವಿದ್ಯುತ್ತು, ಆಮೇಲೆ ಒಲೆಯ ಕಾವು. ಅಲ್ಲಿ ಪುಡಿಯನ್ನು ಗನ್ನಿನಿಂದ ಸಿಂಪಡಿಸುತ್ತಾರೆ. ನೀವು ಪ್ಲಾಸ್ಟಿಕ್ ಡಬ್ಬಿಗೆ ಗುಂಡು, ಪುಡಿ, ಆಟದ ಗನ್ನಿನ ಪ್ಲಾಸ್ಟಿಕ್ ಗೋಲಿ ಎಲ್ಲ ಹಾಕಿ ಗಡಗಡ ಅಲುಗಾಡಿಸುತ್ತೀರಿ. ವ್ಯತ್ಯಾಸ ಅಷ್ಟೇ.

ಈಗ ನಿಮ್ಮ ವಾದಕ್ಕೆ ಬರುತ್ತೇನೆ. ಪೇಚು ಇರುವುದು ಅಲ್ಲೇ.

'ಸುಡುವ ಅನಿಲ ಗುಂಡಿನ ತಳವನ್ನು ಕರಗಿಸುತ್ತದೆ, ಕೋಟಿಂಗ್ ಅದನ್ನು ತಡೆಯುತ್ತದೆ' ಎಂದು ಬರೆದಿದ್ದೀರಿ. ಗುಂಡು ನಳಿಗೆಯೊಳಗೆ ಇರುವುದು ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಹೊತ್ತು. ತಳ ಕರಗಲು ಅದು ಸಾಲದು. ತೊಂದರೆ ಇರುವುದು ಅಂಚಿನಲ್ಲಿ. ಗುಂಡಿಗೂ ನಳಿಗೆಗೂ ನಡುವೆ ಕೂದಲೆಳೆಯಷ್ಟು ಸಂದು ಸಿಕ್ಕರೂ ಅನಿಲ ಅಲ್ಲಿಂದ ನುಗ್ಗುತ್ತದೆ, ಸೀಸವನ್ನು ಕೊರೆದುಕೊಂಡು ಹೋಗಿ ನಳಿಗೆಗೆ ಮೆತ್ತುತ್ತದೆ. ಆಮೇಲೆ ಗುರಿ ಕೆಡುತ್ತದೆ. ಕೋಟಿಂಗ್ ಪಕ್ಕದ ಉಜ್ಜಾಟ ತಪ್ಪಿಸುತ್ತದೆ, ಹಳೇ ಕಾಲದ ಜೇನುಮೇಣದ ಗ್ರೀಸು, ಅದರ ಹೊಗೆ, ಅಂಟು ಯಾವುದೂ ಬೇಡವಾಗುತ್ತದೆ. ಗ್ಯಾಸ್ ಚೆಕ್ ಕಾಯುವುದು ತಳದ ಅಂಚನ್ನು. ಎರಡರ ಕೆಲಸ ಬೇರೆ ಬೇರೆ ಅಲ್ವಾ? ಕಡಿಮೆ ವೇಗದಲ್ಲಿ ಹೊಡೆಯುವವರು ಕೋಟಿಂಗ್ ಒಂದರಲ್ಲೇ ಸಂಭಾಳಿಸುತ್ತಾರೆ, ನಿಜ. ವೇಗ ಸೆಕೆಂಡಿಗೆ 1,800 ಅಡಿ ದಾಟಿದರೆ ಚೆಕ್ ಹಾಕು ಅನ್ನುವುದು ಎರಕದವರ ರೂಢಿಯ ಮಾತು. ನೀವು ಯಾವ ವೇಗದಲ್ಲಿ ಹೊಡೆದಿರಿ? ಲೇಖನದಲ್ಲಿ ಎಲ್ಲೂ ಇಲ್ಲ.

ಗುಂಡು ಎರಕ ಹೊಯ್ದ ಅಚ್ಚಿನ ಮಾತೂ ಇಲ್ಲ. ನಿಮ್ಮ ಚಿತ್ರ ನೋಡಿದರೆ ಅದು ಗ್ಯಾಸ್ ಚೆಕ್ಕಿಗೆಂದೇ ಮಾಡಿದ ಅಚ್ಚು. ಗುಂಡಿನ ತಳದಲ್ಲಿ ಸಣ್ಣ ಮೆಟ್ಟಿಲು ಕಾಣುತ್ತದೆ. ಬಟ್ಟಲು ಕೂರಿಸದೆ ಬಿಟ್ಟರೆ ಆ ಮೆಟ್ಟಿಲು ನಳಿಗೆಗಿಂತ ಸಣ್ಣದಾಗಿ ಉಳಿಯುತ್ತದೆ. ಚಪ್ಪಟೆ ತಳದ ಅಚ್ಚು ಬಳಸಿ 'ಚೆಕ್ ಬೇಡ' ಅಂದಿದ್ದರೆ ಒಪ್ಪಬಹುದಿತ್ತು. ಇನ್ನೊಂದು, ಕೋಟಿಂಗ್ ಮಾಡಿದರೆ ಗುಂಡಿನ ಸುತ್ತಳತೆ ಒಂದಿಷ್ಟು ಜಾಸ್ತಿಯಾಗುತ್ತದೆ, ಆ ಮೆಟ್ಟಿಲೂ ದಪ್ಪಗಾಗುತ್ತದೆ. ಆಮೇಲೆ ಬಟ್ಟಲು ಕೂರಲು ತಕರಾರು ಮಾಡುತ್ತದೆ. ಅದಕ್ಕೇ ಕೆಲವರು ಚೆಕ್ ಮೊದಲು ಕೂರಿಸಿ ಆಮೇಲೆ ಪುಡಿ ಹಾಕುತ್ತಾರೆ. ನಿಮಗೆ ಬೇಸರ ಬಂದದ್ದು ಈ ತಕರಾರಿಗೇ ಇರಬಹುದು ಅಂತ ನನ್ನ ಗುಮಾನಿ. ಹಾಗಿದ್ದರೆ ಹಾಗೇ ಬರೆಯಿರಿ. ಸಿದ್ಧಾಂತ ಕಟ್ಟುವುದಕ್ಕಿಂತ ಅದು ಓದಿಸಿಕೊಳ್ಳುತ್ತದೆ.

ಲೇಖನದಲ್ಲಿ ನನಗೆ ಹಿಡಿಸಿದ್ದು ಎರಡೇ ಜಾಗ. ಎರಡನ್ನೂ ನೀವು ಓಡೋಡಿ ದಾಟಿದ್ದೀರಿ.

ಒಂದು, ಕಬ್ಬಿಣದ ಅಡೆಗಲ್ಲಿನ ಮೇಲೆ ಕೆಂಪು ಬಣ್ಣದ ಗುಂಡನ್ನು ಇಟ್ಟು ಸುತ್ತಿಗೆಯಿಂದ ಬಡಿದದ್ದು. ಗುಂಡು ಚಪ್ಪಟೆಯಾಯಿತು, ಬಣ್ಣ ಒಂದು ಚೂರೂ ಉದುರಲಿಲ್ಲ. ಪುಡಿ ಸರಿಯಾಗಿ ಬೆಂದಿದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಇದಕ್ಕೆ ಒಂದು ಪ್ಯಾರಾ ಕೊಡಿ. ಬಡಿತದ ಸದ್ದು, ಬಿಲ್ಲೆಯಾದ ಗುಂಡಿನ ಅಂಚು, ಎಲ್ಲ ಬರಲಿ.

ಎರಡನೆಯದು ಇನ್ನೂ ದೊಡ್ಡದು. ಪಕ್ಕದ ಮನೆಯ ಅಜ್ಜ ನಿಮಗೆ ಕೊಟ್ಟ ಸೀಸದ ಗಟ್ಟಿಗಳು ಹಳೇ ಪ್ರೆಸ್ಸಿನ ಲೈನೋಟೈಪ್ ಲೋಹ (ಅಚ್ಚಿನ ಅಕ್ಷರದ ಸಾಲುಗಳನ್ನು ಎರಕ ಹೊಯ್ಯುತ್ತಿದ್ದ ಮಿಶ್ರಲೋಹ) ಅಂತ ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ. ಪತ್ರಿಕೆಯವನಿಗೆ ಇಂಥದ್ದನ್ನು ತೋರಿಸಿ ಹಾಗೆ ಹೋಗಬಹುದಾ ಮಾರಾಯರೇ? ಸುಮಾರು ನೂರಕ್ಕೆ 84 ಸೀಸ, 12 ಆಂಟಿಮನಿ, 4 ತವರ. ಬರೀ ಸೀಸಕ್ಕಿಂತ ಎಷ್ಟೋ ಗಡಸು. ಅಮೆರಿಕದ ಪತ್ರಿಕೆಗಳು ಬಿಸಿ ಸೀಸದ ಅಚ್ಚು ಬಿಟ್ಟಾಗ (ನ್ಯೂಯಾರ್ಕ್ ಟೈಮ್ಸ್ ಬಿಟ್ಟದ್ದು 1978ರ ಜುಲೈಯಲ್ಲಿ) ಆ ಲೋಹ ಗುಂಡು ಎರಕದವರ ಪಾತ್ರೆಗೂ ಹೋಗಿ ಸೇರಿತು. ನಮ್ಮಲ್ಲೂ ಮೊಳೆ ಜೋಡಿಸಿ ಪತ್ರಿಕೆ ತಂದವರು ಇನ್ನೂ ಇದ್ದಾರೆ, ಅವರು ಇದನ್ನು ಬಿಡದೆ ಓದುತ್ತಾರೆ. ಅಜ್ಜನಿಗೆ ಆ ಗಟ್ಟಿ ಯಾವ ಪ್ರೆಸ್ಸಿನಿಂದ ಬಂತು? ಕೇಳಿ ಬರೆಯಿರಿ. ಲೇಖನ ಶುರುವಾಗಬೇಕಾದದ್ದೇ ಅಲ್ಲಿಂದ.

ಆ ಲೋಹದ ಇನ್ನೊಂದು ಗುಣ ನಿಮ್ಮ ಕೋಟಿಂಗಿಗೂ ತಾಗುತ್ತದೆ. ಬರೀ ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಲೈನೋಟೈಪ್ 240ರ ಆಸುಪಾಸಿನಲ್ಲೇ ಕರಗಲು ಶುರು. ಪುಡಿ ಬೇಯಿಸುವುದು 200ರಲ್ಲಿ. ಅಗ್ಗದ ಓವನ್ನಿನ ಮುಳ್ಳು ಸುಳ್ಳು ಹೇಳಿದರೆ ಗುಂಡುಗಳು ತಟ್ಟೆಯಲ್ಲೇ ಕುಸಿದು ಕೂರುತ್ತವೆ.

ಓವನ್ ಅಂದ ಮೇಲೆ ಒಂದು ಮಾತು. 'ಹೆಂಡತಿ ಮಲಗಿದ ಮೇಲೆ ಅಡುಗೆಮನೆಯ ಓವನ್ನಿನಲ್ಲಿ' ಅನ್ನುವ ನಗೆಸಾಲು ನಮ್ಮಲ್ಲಿ ಅಚ್ಚಾಗುವುದಿಲ್ಲ. ಸೀಸ ಮುಟ್ಟಿದ ಓವನ್ನಿಗೆ ಮತ್ತೆ ಊಟದ ವಸ್ತು ಹೋಗಬಾರದು. ಕರಗಿದ ಸೀಸದ ಹೊಗೆಗಿಂತ ಜಾಸ್ತಿ ಅಪಾಯ ಮೇಲೆ ಕಟ್ಟುವ ಬೂದಿಯಂಥ ಕಿಟ್ಟದ ಧೂಳಿನದು. ಅದು ಕೈಯಿಂದ ಬಾಯಿಗೆ ಹೋಗುತ್ತದೆ. ಮಕ್ಕಳ ರಕ್ತದಲ್ಲಿ ಸೀಸ ಇಷ್ಟಿದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ. ಕರಗಿದ ಸೀಸದೊಳಕ್ಕೆ ಒಂದು ಹನಿ ನೀರು ಹೊಕ್ಕರೆ ಸೀಸ ಸಿಡಿದು ಚಾವಣಿಗೆ ಹಾರಬಹುದು ಅನ್ನುವುದನ್ನೂ ಸೇರಿಸಿ.

ಕಾನೂನಿನ ಬಗ್ಗೆ ಒಂದು ಪ್ಯಾರಾ ಬೇಕೇ ಬೇಕು. ಅಮೆರಿಕದಲ್ಲಿ ಸ್ವಂತ ಬಳಕೆಗೆ ಗುಂಡು ಎರಕ ಹೊಯ್ಯಲು ಫೆಡರಲ್ ಲೈಸೆನ್ಸ್ ಬೇಡ. ಆದರೆ ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ನಿಷಿದ್ಧ. ಸತ್ತ ಪ್ರಾಣಿಯ ಮೈಯಲ್ಲಿ ಉಳಿದ ಸೀಸ ತಿಂದು ಕಾಂಡೋರ್ ರಣಹದ್ದುಗಳು ಸಾಯುತ್ತಿದ್ದವು. ಬಣ್ಣ ಹಚ್ಚಿದರೂ ಒಳಗಿರುವುದು ಸೀಸವೇ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಮದ್ದುಗುಂಡು ತಯಾರಿಗೆ ಲೈಸೆನ್ಸ್ ಬೇಕು. ಕೊಡಗಿನ ಓದುಗರು 'ನಮಗೆ ವಿನಾಯಿತಿ ಇದೆಯಲ್ಲ' ಎಂದು ಬರೆಯುವುದು ಖಂಡಿತ. ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಗುಂಡು ತಯಾರಿಸುವುದಕ್ಕಲ್ಲ. ಅದನ್ನು ನೀವೇ ಮೊದಲು ಹೇಳಿಬಿಡಿ.

ತಿದ್ದಿ ಬರೆಯುವ ಮುಂಚೆ ಒಂದು ಕೆಲಸ ಮಾಡಿ. ಅದೇ ಲೋಹ, ಅದೇ ಪುಡಿ, ಅದೇ ವೇಗ ಇಟ್ಟುಕೊಂಡು ಚೆಕ್ ಹಾಕಿದ ಹತ್ತು, ಹಾಕದ ಹತ್ತು ಗುಂಡು ಹೊಡೆಯಿರಿ. ನಡುವೆ ನಳಿಗೆಯನ್ನು ಪೂರ್ತಿ ತೊಳೆಯಿರಿ. ಎರಡೂ ಗುರಿಹಾಳೆ, ನಳಿಗೆ ಒರೆಸಿದ ಎರಡೂ ಬಟ್ಟೆತುಂಡು ಪಕ್ಕಪಕ್ಕದಲ್ಲಿಟ್ಟು ಫೋಟೊ ತೆಗೆದು ಕಳಿಸಿ. ಚೆಕ್ ಹಾಕದ ಬಟ್ಟೆಯೂ ಚೊಕ್ಕವಾಗಿದ್ದರೆ ನಿಮ್ಮ ವಾದವನ್ನೇ ತಲೆಬರಹ ಮಾಡಿ ಹಾಕುತ್ತೇನೆ.