ಬಟ್ಟೆ ಚೀಲದ ಘಟಕ: ಕೂಲಿಯಿಂದ ಬೆಲೆ ಕಟ್ಟಿ

ಮೇಡಂ, ಬೆಂಗಳೂರಿನ ಲಗ್ಗೆರೆಯಲ್ಲಿ ಗಾರ್ಮೆಂಟ್ಸ್ ಬಿಟ್ಟು ಮನೆಯಲ್ಲಿರುವ ಐದಾರು ಹೆಂಗಸರನ್ನು ಸೇರಿಸಿ ಬಟ್ಟೆ ಚೀಲ ಹೊಲಿಸಬೇಕು ಅಂದಿದ್ದೀರಿ. ಟ್ರಸ್ಟ್ ಮಾಡಲಾ, ಸ್ವಂತ ಉದ್ಯಮ ಮಾಡಲಾ, ಲಾಭದಲ್ಲಿ ಎಷ್ಟು ಪಾಲು ಸಮಾಜಕ್ಕೆ ಕೊಡಬೇಕು ಅಂತ ಕೇಳಿದ್ದೀರಿ. ಪಾಲಿನ ಮಾತು ಸದ್ಯಕ್ಕೆ ಬಿಡಿ. ಮೆಷಿನ್ ಮುಂದೆ ಕೂತವರಿಗೆ ದಿನಕ್ಕೆ ಎಷ್ಟು ಸಿಗಬೇಕು ಅಂತ ಮೊದಲು ಬರೆದಿಟ್ಟುಕೊಳ್ಳಿ. ಚೀಲದ ಬೆಲೆ ಅಲ್ಲಿಂದ ಶುರುವಾಗಲಿ.

ಸಾಮಾನ್ಯವಾಗಿ ಎಲ್ಲರೂ ಉಲ್ಟಾ ಮಾಡುತ್ತಾರೆ. ಅಂಗಡಿಯವನು ಇಷ್ಟೇ ಕೊಡೋದು ಅಂದ, ಬಟ್ಟೆ, ದಾರ, ಆಟೋ ಕಳೆದು ಉಳಿದದ್ದು ಹೊಲಿದವರಿಗೆ. ಆಗ ಪೀಸಿಗೆ ಮೂರೋ ನಾಲ್ಕೋ ರೂಪಾಯಿ ಸಿಗುತ್ತದೆ. ಅದಕ್ಕಿಂತ ಗಾರ್ಮೆಂಟ್ಸೇ ವಾಸಿ.

ಒಂದು ಉದಾಹರಣೆ ಹಾಕುತ್ತೇನೆ, ಅಂಕಿ ನಿಮ್ಮದು ಹಾಕಿಕೊಳ್ಳಿ. ಬೆಳಿಗ್ಗೆ 10ರಿಂದ ಸಂಜೆ 4, ಊಟಕ್ಕೆ ಅರ್ಧ ಗಂಟೆ. ಉಳಿದದ್ದು 330 ನಿಮಿಷ. ಒಂದು ಚೀಲಕ್ಕೆ 10 ನಿಮಿಷ ಅಂದರೆ 33 ಚೀಲ. ದಾರ ತುಂಡಾಗುತ್ತದೆ, ಕರೆಂಟ್ ಹೋಗುತ್ತದೆ, ಅದಕ್ಕೇ 28 ಅಂತ ಇಟ್ಟುಕೊಳ್ಳಿ. ಇಷ್ಟು ಹೊತ್ತಿನ ಕೆಲಸಕ್ಕೆ 450 ರೂಪಾಯಿ ಸಿಗಬೇಕು ಅಂದರೆ ಪೀಸ್ ರೇಟ್, ಅಂದರೆ ಒಂದು ಚೀಲ ಹೊಲಿದದ್ದಕ್ಕೆ ಕೂಲಿ, ಸುಮಾರು 16 ಆಯಿತು. ಬಟ್ಟೆ 32, ದಾರ ಮತ್ತು ಲೇಬಲ್ 3, ಕಟಿಂಗ್ ಮತ್ತು ಹೆಲ್ಪರ್ 5, ಬಾಡಿಗೆ, ಕರೆಂಟ್, ರಿಪೇರಿ 8. ಕೂಲಿ ಸೇರಿ ಒಂದು ಚೀಲಕ್ಕೆ ಒಟ್ಟು 64. ಎಂಬತ್ತಕ್ಕಿಂತ ಕಮ್ಮಿಗೆ ಮಾರಬೇಡಿ. ಇನ್ನೊಂದು ವಿಷಯ. ಎಲ್ಲರಿಗಿಂತ ಚುರುಕು ಕೈಯವರನ್ನು ನೋಡಿ ರೇಟ್ ಕಟ್ಟಬೇಡಿ. ಗಂಟೆಗೆ ಇಷ್ಟು ಪೀಸ್ ಆಗಲೇಬೇಕು ಅನ್ನುವ ಪ್ರೊಡಕ್ಷನ್ ಕಾಟ ತಾಳಲಾರದೆ ಕೆಲಸ ಬಿಟ್ಟವರಿಗೆ ನೀವೂ ಅದನ್ನೇ ಕೊಟ್ಟರೆ ಏನು ಬಂತು? ಕನಿಷ್ಠ ಕೂಲಿಯ ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ನಲ್ಲಿ ಬದಲಾಗುತ್ತದೆ. ಕಾರ್ಮಿಕ ಇಲಾಖೆಯ ಪಟ್ಟಿ ನೋಡಿ, ಆಗ ನಿಮ್ಮ ಪೀಸ್ ರೇಟೂ ಏರಿಸಿ.

ಎಂಬತ್ತು ರೂಪಾಯಿಗೆ ಯಾರು ತಗೋತಾರೆ? ತರಕಾರಿ ಅಂಗಡಿಯವರಂತೂ ತಗೊಳ್ಳಲ್ಲ. ಅಲ್ಲಿ ನಿಮ್ಮ ಪೈಪೋಟಿ ಬಣ್ಣಬಣ್ಣದ ನಾನ್‌ವೋವನ್ ಚೀಲದ ಜೊತೆ. ನೋಡಲು ಬಟ್ಟೆ ಥರ ಇದ್ದರೂ ಅದು ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ. ಕರ್ನಾಟಕದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಕೈಚೀಲ ನಿಷೇಧ ಇದೆ, ಮಾರ್ಕೆಟ್ಟಿನಲ್ಲಿ ಏನು ನಡೀತಿದೆ ಅಂತ ನಿಮಗೇ ಗೊತ್ತು. ನೀವು ಮದುವೆ, ಗೃಹಪ್ರವೇಶದ ತಾಂಬೂಲದ ಚೀಲ ಹಿಡಿಯಿರಿ. ಅದು ಚಿಕ್ಕದು, ಬಟ್ಟೆ ಕಮ್ಮಿ ಸಾಕು, ಬೆಲೆಯೂ ಇಳಿಯುತ್ತದೆ, ಒಂದೇ ಸಲ ನೂರಾರು ಬೇಕಾಗುತ್ತದೆ. ಅರ್ಧ ದುಡ್ಡು ಅಡ್ವಾನ್ಸ್ ಕೇಳಿ, ಮದುವೆ ಮನೆಯವರು ಕೊಡುತ್ತಾರೆ. ಆಷಾಢ, ಧನುರ್ಮಾಸದಲ್ಲಿ ಮಾತ್ರ ಆರ್ಡರ್ ಇರಲ್ಲ.

ಆ ತಿಂಗಳುಗಳಿಗೆ ಕಂಪನಿಗಳ ಆರ್ಡರ್ ಬೇಕು. ಅವರು ರೇಟ್ ಜಾಸ್ತಿ ಚೌಕಾಸಿ ಮಾಡಲ್ಲ, ಆದರೆ ಬಿಲ್ ತಿಂಗಳುಗಟ್ಟಲೆ ಎಳೆಯುತ್ತಾರೆ. ಹೊಲಿದವರ ಕೂಲಿ ಮಾತ್ರ ಶನಿವಾರಕ್ಕೆ ಶನಿವಾರ ಹೋಗಬೇಕಲ್ವಾ. ಅದಕ್ಕೇ ಮೊದಲ ದಿನವೇ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ, ಮಾಡಿಸಿ. ಸರ್ಕಾರಿ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ, ದುಡ್ಡು ಕೇಳುವ ಏಜೆಂಟರ ಸೈಟುಗಳಿಗೆ ಹೋಗಬೇಡಿ. ನೋಂದಣಿ ಇದ್ದರೆ ಖರೀದಿದಾರರು ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ. ತಡ ಮಾಡಿದರೆ ದುಡ್ಡು ಕೊಡುವವರೆಗೆ ಆ ಖರ್ಚನ್ನು ಅವರು ಆದಾಯ ತೆರಿಗೆಯಲ್ಲಿ ತೋರಿಸಿಕೊಳ್ಳಲು ಆಗುವುದಿಲ್ಲ. ಉದ್ಯಮ್ ನಂಬರನ್ನು ಬಿಲ್ ಮೇಲೆಯೇ ಅಚ್ಚು ಹಾಕಿಸಿ. ಆದರೂ ಎರಡು ವಾರದ ಕೂಲಿಯಷ್ಟು ದುಡ್ಡು ಪಕ್ಕಕ್ಕಿಟ್ಟುಕೊಂಡೇ ಶುರು ಮಾಡಿ.

ಟ್ರಸ್ಟ್ ಬೇಡ. ನಿಮ್ಮ ಹೆಸರಲ್ಲೇ ಸಣ್ಣ ಉದ್ಯಮ ಸಾಕು. ರಾಜ್ಯದೊಳಗೆ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದವರೆಗೆ ಜಿಎಸ್‌ಟಿ ಕಡ್ಡಾಯವಲ್ಲ. ಸಾಲ, ತರಬೇತಿ ವಿಷಯ ಕೇಳಬೇಕಿದ್ದರೆ ರಾಜಾಜಿನಗರದಲ್ಲಿ ಅವೇಕ್ ಇದೆ, 1983ರಲ್ಲಿ ಶುರುವಾದ ಮಹಿಳಾ ಉದ್ಯಮಿಗಳ ಸಂಘ.

ಪಿಎಫ್ ಬಗ್ಗೆ ಈಗಲೇ ಯೋಚಿಸಿ. 2016ರಲ್ಲಿ ಪಿಎಫ್ ತೆಗೆಯೋದಕ್ಕೆ ಕಡಿವಾಣ ಹಾಕುವ ಹೊಸ ನಿಯಮ ಬಂದಾಗ, ಏಪ್ರಿಲ್‌ನಲ್ಲಿ ಇದೇ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆ, ತುಮಕೂರು ರಸ್ತೆಗೆ ಇಳಿದಿದ್ದರು. ಕೇಂದ್ರ ಸರ್ಕಾರ ನಿಯಮ ವಾಪಸ್ ತಗೊಂಡಿತು. ಆ ದುಡ್ಡು ಅವರಿಗೆ ಅಷ್ಟು ಮುಖ್ಯ. 20 ಜನ ಆಗುವವರೆಗೆ ಪಿಎಫ್ ಕಡ್ಡಾಯವಲ್ಲ, ಆದರೆ ಒಪ್ಪಿ ಸೇರಿಕೊಳ್ಳಬಹುದು. ನನ್ನ ಮಟ್ಟಿಗೆ, ನೀವು ಸಮಾಜಕ್ಕೆ ಕೊಡಬೇಕು ಅಂದುಕೊಂಡ ಪಾಲು ಇಲ್ಲಿಗೇ ಹೋಗಲಿ.

ಶುರುವಿಗೆ ಎರಡು ಸೆಕೆಂಡ್ ಹ್ಯಾಂಡ್ ಜೂಕಿ (ಗಾರ್ಮೆಂಟ್ಸಿನಲ್ಲಿ ಬಳಸುವ ಹೊಲಿಗೆ) ಮೆಷಿನ್ ಸಾಕು. ಬಟ್ಟೆಗೆ ಚಿಕ್ಕಪೇಟೆ. ಎಷ್ಟು ಇಂಚಿನ ಚೀಲ ಅಂತ ಹೇಳಿ, ಒಂದು ಥಾನಿಗೆ (ಬಟ್ಟೆಯ ಇಡೀ ಸುರುಳಿಗೆ) ಎಷ್ಟು ಬರುತ್ತದೆ ಅಂತ ಕಟಿಂಗ್ ಲೆಕ್ಕ ಹಾಕಿ ಕಳಿಸುತ್ತೇನೆ.