ತೂತು, ತೂಕ, ಇಂಧನ: ವಿಮಾನ ಕಟ್ಟುವವರ ಪ್ರಶ್ನೆಗಳು

ಪುಟ್ಟ ವಿಮಾನವನ್ನು ಸ್ವಂತ ಕೈಯಿಂದ ಕಟ್ಟುತ್ತಿರುವ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಆರನ್ನು ಈ ಸಲ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ರೆಕ್ಕೆಯ ತಗಡಿಗೆ ರಿವೆಟ್ ಹೊಡೆಯುತ್ತಿದ್ದೇನೆ. ಹತ್ತರಲ್ಲಿ ಒಂದೆರಡು ಒಳಗಡೆ ವಾಲಿಕೊಂಡು ಕೂರುತ್ತಿವೆ. ಎಲ್ಲವನ್ನೂ ಕಿತ್ತು ಮತ್ತೆ ಹೊಡೆಯಬೇಕೇ?

ಮೊದಲು ಅಳೆಯಿರಿ, ಕೀಳುವ ಮಾತು ಆಮೇಲೆ. 1/8 ಇಂಚಿನ, ಅಂದರೆ ಸುಮಾರು 3.2 ಮಿ.ಮೀ. ರಿವೆಟ್ ಬಡಿಸಿಕೊಂಡ ಮೇಲೆ ಅದರ ಒಳತಲೆ (ಒಳಗಡೆ ಬಡಿತಕ್ಕೆ ಚಪ್ಪಟೆಯಾದ ತುದಿ) 4.8 ಮಿ.ಮೀ. ಅಗಲ, 1.6 ಮಿ.ಮೀ. ಎತ್ತರ ಇರಬೇಕು. ಯಾವ ಅಳತೆಯ ರಿವೆಟ್ಟಿಗೂ ಇದೇ ಲೆಕ್ಕ: ಅಗಲ ಕಾಂಡದ ಒಂದೂವರೆ ಪಟ್ಟು, ಎತ್ತರ ಅದರ ಅರ್ಧ. ಬಡಿಯುವ ಮುಂಚೆ ತಗಡಿನಾಚೆ ಚಾಚಿರುವ ಭಾಗವೂ ಒಂದೂವರೆ ಪಟ್ಟು ಇರಲಿ. 1.6 ಮಿ.ಮೀ. ದಪ್ಪದ ತಗಡಿನ ಚೂರಿನಲ್ಲಿ 4.8 ಮಿ.ಮೀ. ತೂತು ಕೊರೆದು ಇಟ್ಟುಕೊಳ್ಳಿ. ಒಳತಲೆ ಆ ತೂತಿನೊಳಗೆ ಸಲೀಸಾಗಿ ಇಳಿದರೆ ಇನ್ನೂ ಬಡಿಯಬೇಕು. ಚೂರನ್ನು ಪಕ್ಕದಲ್ಲಿಟ್ಟು ಬೆರಳಾಡಿಸಿದಾಗ ತಲೆ ಅದಕ್ಕಿಂತ ಎಷ್ಟೋ ತಗ್ಗಿದ್ದರೆ ಬಡಿದದ್ದು ಹೆಚ್ಚಾಯಿತು.

ವಾಲುವುದಕ್ಕೆ ಸಾಮಾನ್ಯವಾಗಿ ಕಾರಣ ಮೂರು: ರಿವೆಟ್ ಉದ್ದ ಜಾಸ್ತಿ, ಹಿಂದಿನಿಂದ ಒತ್ತಿಹಿಡಿಯುವ ಉಕ್ಕಿನ ಗಟ್ಟಿ (ಬಕಿಂಗ್ ಬಾರ್) ಓರೆ, ಇಲ್ಲವೇ ತೂತು ಸಡಿಲ. 1/8 ಇಂಚಿನ ರಿವೆಟ್ಟಿಗೆ 30ನೇ ನಂಬರಿನ ಡ್ರಿಲ್ ಬಿಟ್ ಸಾಕು, ತೂತು 3.26 ಮಿ.ಮೀ. ಬರುತ್ತದೆ. ಕೊರೆದ ಮೇಲೆ ಅಂಚಿನ ಮುಳ್ಳನ್ನು ತೆಗೆಯಲೇಬೇಕು. ಮುಳ್ಳು ಉಳಿದರೆ ಎರಡು ತಗಡು ಒತ್ತಾಗಿ ಕೂರುವುದಿಲ್ಲ, ಮುಂದೆ ಬಿರುಕು ಹುಟ್ಟುವುದೂ ಅಲ್ಲಿಂದಲೇ. ಆದರೆ ಕೈಯಲ್ಲಿ ಹಗುರವಾಗಿ ಒಂದೆರಡು ಸುತ್ತು ತಿರುಗಿಸಿದರೆ ಸಾಕು. ಉತ್ಸಾಹದಲ್ಲಿ ಕೆರೆದು ಕೆರೆದು ತೂತಿನ ಅಂಚನ್ನು ಚಾಕುವಿನಷ್ಟು ತೆಳ್ಳಗೆ ಮಾಡಬೇಡಿ.

ತುಸು ವಾಲಿದ್ದು ಅಳತೆಯೊಳಗಿದ್ದರೆ ಬಿಟ್ಟುಬಿಡಿ. ಕೀಳುವಾಗ ತೂತು ಮೊಟ್ಟೆಯಾಕಾರಕ್ಕೆ ತಿರುಗಿದರೆ ಮೊದಲಿಗಿಂತ ಕೆಟ್ಟ ಕೆಲಸವಾಗುತ್ತದೆ. ಕೀಳಲೇಬೇಕಾದರೆ ಹೊರತಲೆಯ ನಟ್ಟನಡುವೆ ಪಂಚ್ ಗುರುತು ಹಾಕಿ, ಬಿಟ್ಟನ್ನು ತಲೆಯ ದಪ್ಪದಷ್ಟೇ ಇಳಿಸಿ. ಪಿನ್ ಪಂಚನ್ನು ಆ ಕುಳಿಯೊಳಗಿಟ್ಟು ಪಕ್ಕಕ್ಕೆ ಮೀಟಿದರೆ ತಲೆ ಟಕ್ಕೆಂದು ಕಳಚುತ್ತದೆ. ಹಿಂದೆ ಆಸರೆ ಕೊಟ್ಟು ಕಾಂಡವನ್ನು ಮೆಲ್ಲಗೆ ತಟ್ಟಿ ಹೊರಗೆ ಹಾಕಿ. ತೂತು ದೊಡ್ಡದಾಗಿಬಿಟ್ಟರೆ ಮುಂದಿನ ಅಳತೆಯ ರಿವೆಟ್ ಹಾಕಬಹುದು, ಆದರೆ ತೂತಿನ ನಡುವಿನಿಂದ ತಗಡಿನ ಅಂಚಿಗೆ ಆ ಹೊಸ ರಿವೆಟ್ಟಿನ ಎರಡು ಪಟ್ಟು ಜಾಗ ಇದ್ದರೆ ಮಾತ್ರ.

ಪ್ರಶ್ನೆ: ಬಾಲದಲ್ಲಿರುವ, ಮೂತಿ ಏರಿಸಿ ಇಳಿಸುವ ಎಲಿವೇಟರನ್ನು ಬಣ್ಣ ಬಳಿಯುವ ಮುಂಚೆಯೇ ಬ್ಯಾಲೆನ್ಸ್ ಮಾಡಿದ್ದೇನೆ. ಮತ್ತೆ ಮಾಡಬೇಕೇ?

ಖಂಡಿತ ಮಾಡಬೇಕು. ಬಣ್ಣದ ತೂಕದ ಬಹುಪಾಲು ಕೀಲಿನ ಹಿಂದೆ ಬೀಳುತ್ತದೆ. ಕೀಲಿನಿಂದ ಸರಾಸರಿ 20 ಸೆಂ.ಮೀ. ಹಿಂದೆ 150 ಗ್ರಾಂ ಬಣ್ಣ ಕೂತರೆ, 10 ಸೆಂ.ಮೀ. ಮುಂದೆ ಸಮತೂಕಕ್ಕೆಂದು ಇಟ್ಟಿರುವ ಸೀಸ 300 ಗ್ರಾಂ ಹೆಚ್ಚಬೇಕು. ಹೀಗೆ ಹಿಂಭಾರವಾದ ಎಲಿವೇಟರ್ ವೇಗ ಏರಿದಾಗ ತಾನಾಗಿಯೇ ಪಟಪಟ ಹೊಡೆದುಕೊಳ್ಳಲು ಶುರುವಾಗಬಹುದು. ಇದೇ ಫ್ಲಟರ್. ಒಮ್ಮೆ ಹಿಡಿದರೆ ಬಾಲ ಹರಿದುಹೋಗಲು ಕೆಲವೇ ಕ್ಷಣ ಸಾಕು. ಬಣ್ಣ ಪೂರ್ತಿ ಒಣಗಿದ ಮೇಲೆ, ಟ್ರಿಮ್ ಟ್ಯಾಬ್ (ಹಿಂದಂಚಿನಲ್ಲಿ ಹೊಂದಿಸಿಕೊಳ್ಳುವ ಪುಟ್ಟ ಪಟ್ಟಿ) ಮತ್ತು ಅದರ ಜೋಡಣೆಗಳ ಸಮೇತ, ಎಲಿವೇಟರನ್ನು ಕೀಲಿನ ಮೇಲೆ ಸಲೀಸಾಗಿ ಆಡುವಂತೆ ತೂಗುಹಾಕಿ ನೋಡಿ. ಎಷ್ಟು ಮುಂಭಾರ ಬೇಕೆಂದು ವಿನ್ಯಾಸಕಾರರ ನಕ್ಷೆ ಹೇಳುತ್ತದೋ ಅಷ್ಟೇ ಇರಲಿ. ರೆಕ್ಕೆಯನ್ನು ಏಳಿಸಿ ತಗ್ಗಿಸುವ ಏಲಿರಾನಿಗೂ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ರಡ್ಡರಿಗೂ ಇದೇ ಮಾತು. ಮುಂದೆಂದಾದರೂ ಬಣ್ಣದ ಮೇಲೆ ಬಣ್ಣ ಬಳಿದರೆ ಆಗಲೂ ಇದೇ ಪರೀಕ್ಷೆ.

ಪ್ರಶ್ನೆ: ಎಪಾಕ್ಸಿ, ಗಾಜಿನೆಳೆಯಲ್ಲಿ ಕಟ್ಟಿದ ವಿಮಾನಕ್ಕೆ ಕಡುನೀಲಿ ಬಣ್ಣ ಬಳಿಯಬಹುದೇ?

ಬೇಡ. ಬಿಸಿಲಿನಲ್ಲಿ ಕಡುಬಣ್ಣದ ಮೈ ವಿಪರೀತ ಕಾಯುತ್ತದೆ, ಕೋಣೆಯ ಶಾಖದಲ್ಲೇ ಗಟ್ಟಿಯಾದ ಎಪಾಕ್ಸಿ ಅಷ್ಟು ಕಾವಿಗೆ ಮೆತ್ತಗಾಗುತ್ತದೆ. ಬಿಳಿಯೇ ಇರಲಿ. ಗೆರೆ, ಅಕ್ಷರಗಳಿಗೆ ನೀಲಿ ಬಳಸಿ, ಅದೂ ರೆಕ್ಕೆಯ ಮುಖ್ಯ ತೊಲೆಯಿಂದ ದೂರದಲ್ಲಿ.

ಪ್ರಶ್ನೆ: ಇಂಧನದ ವಾಲ್ವನ್ನು ಸೀಟಿನ ಹಿಂದಿನ ಗೋಡೆಗೆ ಹಾಕಿದರೆ ಪೈಪು ಒಂದು ಮೀಟರ್ ಉಳಿಯುತ್ತದೆ, ಕಾಕ್‌ಪಿಟ್ಟಿನೊಳಗೆ ಪೆಟ್ರೋಲೂ ಬರುವುದಿಲ್ಲ. ನಕ್ಷೆ ಮೀರಬಹುದೇ?

ಈ ಒಂದು ವಿಷಯದಲ್ಲಿ ದಯವಿಟ್ಟು ಮೀರಬೇಡಿ. 1997ರ ಅಕ್ಟೋಬರ್ 12ರಂದು ಗಾಯಕ ಜಾನ್ ಡೆನ್ವರ್ ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ಲಾಂಗ್-ಈಝಿ ಎಂಬ, ಸ್ವಂತ ಕೈಯಲ್ಲಿ ಕಟ್ಟುವ ಮಾದರಿಯ ವಿಮಾನ ಬಿದ್ದು ತೀರಿಕೊಂಡರು. ಆ ಮಾದರಿಯ ವಿನ್ಯಾಸಕಾರ ಬರ್ಟ್ ರುಟಾನ್ ಅವರ ನಕ್ಷೆಯಲ್ಲಿ ವಾಲ್ವಿನ ಹಿಡಿ ಇದ್ದದ್ದು ಪೈಲಟ್ಟಿನ ಕಾಲುಗಳ ನಡುವೆ. ಆ ವಿಮಾನ ಕಟ್ಟಿದವರು, ಡೆನ್ವರ್ ಅಲ್ಲ, ನೀವು ಹೇಳುತ್ತಿರುವ ಎರಡನೆಯ ಕಾರಣಕ್ಕೇ ಅದನ್ನು ಎಡ ಭುಜದ ಹಿಂದಿನ ಗೋಡೆಗೆ ಹಾಕಿದ್ದರು. ಹಿಡಿ ತಿರುಗಿಸಬೇಕಾದರೆ ಬಲಗೈಯನ್ನು ವಿಮಾನ ನಡೆಸುವ ಸ್ಟಿಕ್ಕಿನಿಂದ ತೆಗೆದು, ಮೈ ತಿರುಚಿ, ಭುಜದ ಹಿಂದಕ್ಕೆ ಚಾಚಬೇಕು. ಹಾಗೆ ತಿರುಚುವಾಗ ಬಲಗಾಲು ತಿಳಿಯದೆಯೇ ರಡ್ಡರ್ ಪೆಡಲ್ ಒತ್ತಿಬಿಡುತ್ತದೆ. ಅಮೆರಿಕದ ತನಿಖಾ ಮಂಡಳಿ ವಾಲ್ವಿನ ಆ ಜಾಗವನ್ನೂ ಕಾರಣಗಳಲ್ಲಿ ಸೇರಿಸಿತು. ಬೆಲ್ಟ್ ಬಿಗಿದು ಕೂತು, ಕಣ್ಣು ಮುಚ್ಚಿ, ಬೆನ್ನು ಸೀಟಿನಿಂದ ಎತ್ತದೆ ತಿರುಗಿಸಲು ಆಗುವ ಕಡೆ ವಾಲ್ವ್ ಇರಲಿ.

ಪೈಪಿನ ಕೆಲಸ ಮುಗಿದ ಮೇಲೆ ಹರಿವನ್ನೂ ಅಳೆಯಿರಿ. ಮೂತಿಯನ್ನು ಅತಿ ಕಡಿದಾಗಿ ಏರುವಾಗಿನ ಕೋನಕ್ಕೆ ಎತ್ತಿ, ಟ್ಯಾಂಕಿನಲ್ಲಿ ಸ್ವಲ್ಪವೇ ಇಂಧನ ಬಿಟ್ಟು, ಕಾರ್ಬ್ಯುರೇಟರಿನ ಬಳಿ ಪೈಪು ಕಳಚಿ ಅಳತೆಯ ಪಾತ್ರೆಗೆ ಬಿಡಿ. ಬೆಂಕಿಯ ಕಿಡಿ ಹತ್ತಿರ ಸುಳಿಯದಿರಲಿ, ವಿಮಾನಕ್ಕೂ ಪಾತ್ರೆಗೂ ಅರ್ತಿಂಗ್ ತಂತಿ ಇರಲಿ. ಪಂಪಿನ ವ್ಯವಸ್ಥೆಯಾದರೆ ಎಂಜಿನ್ ಪೂರ್ಣ ಶಕ್ತಿಯಲ್ಲಿ ಕುಡಿಯುವುದರ 125 ಪ್ರತಿಶತ, ಬರೀ ಎತ್ತರದಿಂದ ಇಳಿಯುವುದಾದರೆ 150 ಪ್ರತಿಶತ ಬರಬೇಕು. ಗಂಟೆಗೆ 25 ಲೀಟರ್ ಕುಡಿಯುವ ಎಂಜಿನ್ನಿಗೆ ಅದು ನಿಮಿಷಕ್ಕೆ ಸುಮಾರು 520 ಮತ್ತು 625 ಮಿ.ಲೀ. ಕಡಿಮೆ ಬಂದರೆ ತಿರುವು ಹೆಚ್ಚಿರುವ ಫಿಟ್ಟಿಂಗ್, ಕಟ್ಟಿಕೊಂಡ ಫಿಲ್ಟರ್, ಟ್ಯಾಂಕಿಗೆ ಗಾಳಿ ಹೋಗುವ ಕೊಳವೆ, ಈ ಮೂರನ್ನು ಮೊದಲು ನೋಡಿ.

ಪ್ರಶ್ನೆ: ಹಾರಾಟದಲ್ಲಿ ಸ್ಟಿಕ್ ಬಿಟ್ಟರೆ ಎಡ ರೆಕ್ಕೆ ತಗ್ಗುತ್ತದೆ. ಏಲಿರಾನಿಗೆ ಟ್ಯಾಬ್ ಅಂಟಿಸಿದರೆ ಸರಿಹೋಗುತ್ತದೆಯೇ?

ಹೋಗುತ್ತದೆ, ಆದರೆ ಟ್ಯಾಬ್ ಕೊನೆಯ ಮದ್ದು. ಎರಡೂ ಟ್ಯಾಂಕಿನಲ್ಲಿ ಇಂಧನ ಸಮವಾಗಿತ್ತೇ, ವಿಮಾನ ಪಕ್ಕಕ್ಕೆ ಜಾರುವುದನ್ನು ತೋರಿಸುವ ಮೀಟರಿನ ಬಾಲ್ ನಡುವೆ ನಿಂತಿತ್ತೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ಆಮೇಲೆ ನೆಲದಲ್ಲಿ ರೆಕ್ಕೆಯ ಹಿಂಬದಿಯಲ್ಲಿ ಕೆಳಕ್ಕೆ ಇಳಿಸುವ ಫ್ಲ್ಯಾಪುಗಳನ್ನು ಪೂರ್ತಿ ಮೇಲೆತ್ತಿ, ಎರಡರ ಹಿಂದಂಚೂ ಒಂದೇ ಮಟ್ಟಕ್ಕೆ ಬರುತ್ತವೆಯೇ ನೋಡಿ. ಒಂದು ಕೆಲವು ಮಿ.ಮೀ. ಜೋತಿದ್ದರೂ ಆ ಕಡೆಯ ರೆಕ್ಕೆ ಏಳುತ್ತದೆ. ಎರಡು ರೆಕ್ಕೆಗಳ ಕೂರುವ ಕೋನವನ್ನೂ ಡಿಜಿಟಲ್ ಲೆವೆಲ್ಲಿನಲ್ಲಿ ಹೋಲಿಸಿ. ಇವೆಲ್ಲ ಸರಿಯಿದ್ದೂ ತಗ್ಗುತ್ತಿದ್ದರೆ ಎಡ ಏಲಿರಾನಿನ ಹಿಂದಂಚಿನಲ್ಲಿ, ಮೇಲ್ಮೈಗೆ, ಸುಮಾರು 10 ಸೆಂ.ಮೀ. ಉದ್ದದ ಬೆಣೆಯಾಕಾರದ ಮರದ ಚೂರನ್ನು ಬಿಗಿಯಾಗಿ ಟೇಪ್ ಮಾಡಿ ಹಾರಿ ನೋಡಿ. ಅದು ಏಲಿರಾನನ್ನು ಕೆಳಕ್ಕೆ ಒತ್ತುತ್ತದೆ, ರೆಕ್ಕೆ ಏಳುತ್ತದೆ. ಹೆಚ್ಚಾದರೆ ಚೂರಿನ ಉದ್ದ ಕತ್ತರಿಸುತ್ತಾ ಬನ್ನಿ. ಸರಿಹೋದ ಅಳತೆಯಲ್ಲಿ ಕಾಯಂ ಟ್ಯಾಬ್ ಕೂರಿಸಿ, ಏಲಿರಾನಿನ ಬ್ಯಾಲೆನ್ಸ್ ಮತ್ತೆ ನೋಡಿ.

ಪ್ರಶ್ನೆ: ಖಾಲಿ ವಿಮಾನ ತೂಗಿದೆ. ಮೂತಿಚಕ್ರ 70 ಕೆ.ಜಿ., ಎರಡು ದೊಡ್ಡ ಚಕ್ರ ಸೇರಿ 274 ಕೆ.ಜಿ. ಅಳೆಯುವ ಮೂಲರೇಖೆಯಿಂದ ಅವು ಕ್ರಮವಾಗಿ 0.60 ಮತ್ತು 2.10 ಮೀ. ದೂರ. ಮುಂದೇನು?

ತೂಕವನ್ನು ದೂರದಿಂದ ಗುಣಿಸಿ ಕೂಡಿ: 42 ಮತ್ತು 575.4, ಒಟ್ಟು 617.4. ಅದನ್ನು 344 ಕೆ.ಜಿ.ಯಿಂದ ಭಾಗಿಸಿದರೆ ಗುರುತ್ವ ಕೇಂದ್ರ 1.795 ಮೀ. ತೂಗುವಾಗ ವಿಮಾನ ಹಾರಾಟದ ಮಟ್ಟದಲ್ಲಿತ್ತು, ಬಾಗಿಲು ಮುಚ್ಚಿ ಗಾಳಿ ಆಡದಂತಿತ್ತು ಎಂದುಕೊಂಡು ಈ ಲೆಕ್ಕ. ಇದೇ ರೀತಿ ಪೈಲಟ್, ಜೊತೆಗಾರ, ಇಂಧನ, ಸಾಮಾನು ಸೇರಿಸಿ, ಅತಿ ಹಿಂದಕ್ಕೆ ಸರಿಯುವ ಜೋಡಣೆ ಯಾವುದೆಂದು ಹುಡುಕಿ. ಇಂಧನ ಖರ್ಚಾದಂತೆ ಕೇಂದ್ರ ಎತ್ತ ಸರಿಯುತ್ತದೆ ಎಂಬುದನ್ನು ಬಿಡಬೇಡಿ. ಕೇಂದ್ರ ಹಿಂಬದಿಯ ಮಿತಿ ದಾಟುತ್ತಿದ್ದರೆ ಮೂತಿಗೆ ಸೀಸ ಕಟ್ಟುವ ಮೊದಲು ಬ್ಯಾಟರಿ ನೋಡಿ: 8 ಕೆ.ಜಿ. ಬ್ಯಾಟರಿಯನ್ನು ಒಂದೂವರೆ ಮೀಟರ್ ಮುಂದಕ್ಕೆ ತಂದರೆ ಖಾಲಿ ವಿಮಾನದ ಕೇಂದ್ರ 3.5 ಸೆಂ.ಮೀ. ಮುಂದೆ ಬರುತ್ತದೆ, ಒಟ್ಟು ತೂಕ ಹೆಚ್ಚುವುದಿಲ್ಲ.